ಮಿಡಾ ಕ್ರೀಕ್‌ನಲ್ಲಿ ಸ್ಯಾಂಡ್ ಪ್ಲೋವರ್ ಬೇರೆ ಮಾಡಿದ್ದು: ನನ್ನ ಅನುಭವ

ಕೀನ್ಯಾದ ಮೊಂಬಾಸಾಗೆ ಕೆಲಸಕ್ಕೆ ಅಂತ ಬಂದು ಏಳು ವರ್ಷ, ಅದರಲ್ಲಿ ನಾಲ್ಕು ವರ್ಷದ ಭಾನುವಾರಗಳೆಲ್ಲ ವಟಾಮು ಹತ್ರದ ಮಿಡಾ ಕ್ರೀಕ್ ಕೆಸರಿಗೇ ಹೋಗಿವೆ. ಸ್ಯಾಂಡ್ ಪ್ಲೋವರ್ ಅಂದ್ರೆ ಕೆಸರಲ್ಲಿ ಮೇಯೋ ಪುಟ್ಟ ವಲಸೆ ಹಕ್ಕಿ, ಗ್ರೇಟರ್, ಲೆಸ್ಸರ್ ಅಂತ ಎರಡು ಬಗೆ, ನೋಡೋಕೆ ಒಂದೇ ಥರ. ಬಣ್ಣ ಇಲ್ಲದ ಬೂದು ಗರಿಯಲ್ಲಿರುವಾಗ ಗ್ರೇಟರ್ ಯಾವ್ದು ಲೆಸ್ಸರ್ ಯಾವ್ದು ಅಂತ ಹೇಳೋಕೆ 600 ಎಂಎಂ ಕ್ಯಾಮೆರಾ ಲೆನ್ಸ್ ಇಲ್ದೆ ಆಗಲ್ಲ ಅಂತ ಜೊತೆಯವರೆಲ್ಲ ಹೇಳ್ತಿದ್ರು. ಆಗುತ್ತೆ. ಸೆಕೆಂಡ್ ಹ್ಯಾಂಡ್ ಸ್ಕೋಪು (ಹಕ್ಕಿ ನೋಡೋ ದೂರದರ್ಶಕ), ಫೋನಿನ ಸ್ಲೋ ಮೋಷನ್, ಒಂದು ಕಾಗದದ ಚೂರು, ಇಷ್ಟೇ ಇಟ್ಕೊಂಡು ಮಾಡಿದೀನಿ.

ಮೊದಲ ಎರಡು ಸೀಸನ್ ದುಡ್ಡು, ಟೈಮು ಎರಡೂ ಹೋಯ್ತು. ಸ್ಕೋಪಿಗೆ ಸುಮಾರು 42 ಸಾವಿರ ಶಿಲಿಂಗ್ ಕೊಟ್ಟೆ, ಉಪ್ಪು ನೀರಿಗೆ ಟ್ರೈಪಾಡ್ ತುಕ್ಕು ಹಿಡಿದು ಮುರೀತು, ಅದೊಂದು ಆರೂವರೆ ಸಾವಿರ, ದೋಣಿ ಮಾಡ್ಕೊಂಡು ಹೋದ್ರೆ ಹತ್ರ ಸಿಗ್ತವೆ ಅಂತ ಮೂರು ಸಲ ಹೋದೆ, ಇಂಜಿನ್ ಸದ್ದಿಗೆ ಹಿಂಡೇ ಎದ್ದು ಹೋಯ್ತು. ಒಂದು ಸಲ ಅಲ್ಲೇ ಇದ್ದ ಬೇರೊಂದು ಹಕ್ಕಿ ನೋಡಿ, ಕೊಕ್ಕು ಗಿಡ್ಡ ಇದೆ, ತುದಿ ಬಾಗಿದೆ ಅಂತ ಡನ್ಲಿನ್ ಅನ್ನೋ ಹಕ್ಕಿ ಅಂತಲೇ ಬರೆದು ಕಳಿಸ್ಬಿಟ್ಟೆ. ಕೀನ್ಯಾದಲ್ಲಿ ಡನ್ಲಿನ್ ಅಂದ್ರೆ ತೀರಾ ಅಪರೂಪ, ರಾತ್ರಿ ನಿದ್ದೆ ಬರ್ಲಿಲ್ಲ. ಆಮೇಲೆ ವಿಡಿಯೋ ನಿಧಾನಕ್ಕೆ ಓಡಿಸಿದ್ರೆ ಹಾರುವಾಗ ಬಾಲದ ಮೇಲ್ಭಾಗ ಪೂರ್ತಿ ಬಿಳಿ, ಡನ್ಲಿನ್‌ಗೆ ಇರೋ ನಡುವಿನ ಕಪ್ಪು ಗೆರೆ ಇಲ್ಲವೇ ಇಲ್ಲ. ಅಂದ್ರೆ ಅದು ಕರ್ಲ್ಯೂ ಸ್ಯಾಂಡ್‌ಪೈಪರ್. ಕಣ್ಣಿಗೆ ಕಾಣದ್ದು ಸ್ಲೋ ಮೋಷನ್‌ನಲ್ಲಿ ಕಾಣುತ್ತೆ ಅಂತ ಹೊಳೆದಿದ್ದೇ ಅವತ್ತು.

ಬಿಸಿಲೇರಿದ್ರೆ ಸ್ಕೋಪಲ್ಲಿ ಎಲ್ಲಾ ನಡುಗುತ್ತೆ, ಹಾಗಾಗಿ ಹುಣ್ಣಿಮೆನೋ ಅಮಾವಾಸ್ಯೆನೋ ಕಳೆದು ನಾಲ್ಕೈದು ದಿನ ಆದ್ಮೇಲೆ ಹೋಗ್ತೀನಿ, ಆಗ ಪೂರ್ತಿ ಉಬ್ಬರ ಬೆಳಗ್ಗೆ ಎಂಟರ ಆಸುಪಾಸು. ಎರಡು ಗಂಟೆ ಮುಂಚೆನೇ ಹೋಗಿ ಅಲ್ಲಾಡದೆ ಕೂತ್ರೆ ನೀರೇ ಹಕ್ಕಿಗಳನ್ನ ತಳ್ಕೊಂಡು ಹತ್ರ ತರುತ್ತೆ. ಎಲ್ಲಿ ಕೂರ್ತೀನಿ ಅಂತ ಮಾತ್ರ ಕೇಳ್ಬೇಡಿ. ಪ್ಲೋವರ್ ಓಡುತ್ತೆ, ಗಕ್ಕನೆ ನಿಲ್ಲುತ್ತೆ, ಸ್ಕೋಪಿಗೆ ಫೋನಿಟ್ಟು ತೆಗೆದ ಸ್ಲೋ ಮೋಷನ್ ವಿಡಿಯೋದಲ್ಲಿ, ಆ ನಿಂತ ಅರೆಕ್ಷಣದಲ್ಲಿ ಮುಖ ಪಕ್ಕಕ್ಕೆ ಸರಿಯಾಗಿ ತಿರುಗಿರೋ ಫ್ರೇಮ್ ಬೇಕು. ಅದನ್ನ ನಿಲ್ಲಿಸಿ, ಕಾಗದದ ಅಂಚಲ್ಲಿ ಕೊಕ್ಕಿನ ಉದ್ದ ಗುರುತು ಹಾಕಿ, ಅದನ್ನೇ ಕೊಕ್ಕಿನ ಬುಡದಿಂದ ಹಿಂದಕ್ಕೆ ಇಟ್ಟು ನೋಡಿ. ಕಣ್ಣಿನ ಹಿಂಬದಿ ದಾಟಿದ್ರೆ ಗ್ರೇಟರ್, ಅಲ್ಲಿಗೇ ನಿಂತ್ರೆ ಲೆಸ್ಸರ್. ಒಂದು ಫ್ರೇಮ್ ನಂಬಬೇಡಿ, ನಾನು ಹತ್ತಾದ್ರೂ ಅಳೀತೀನಿ. ಕೊಕ್ಕಿನ ತುದಿನೂ ನೋಡಿ, ಗ್ರೇಟರ್‌ದು ಚೂಪು, ಲೆಸ್ಸರ್‌ದು ಮೊಂಡು. ಕಾಲಿನ ಬಣ್ಣ ನಂಬಿ ನಾನು ಕೆಟ್ಟಿದ್ದು ಸಾಕು, ಕೆಸರು ಮೆತ್ತಿದ್ರೆ ಎಲ್ಲಾ ಕಾಲೂ ಒಂದೇ. ಫೋನು ಅಲುಗದ ಹಾಗೆ ಸ್ಕೋಪಿಗೆ ಕೂರಿಸೋಕೆ ನಾನೇ ಮಾಡ್ಕೊಂಡಿರೋ ವ್ಯವಸ್ಥೆ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ರನೇ ಇರಲಿ.

ನಡುವೆ ಇನ್ನೊಂದು ಹುಚ್ಚು ಹಿಡೀತು, ನಿಮಿಷಕ್ಕೆ ಎಷ್ಟು ಸಲ ಕುಕ್ಕುತ್ತೆ ಅಂತ ಎಣಿಸಿದೆ. ಪ್ಲೋವರ್‌ಗಳಲ್ಲಿ ಏನೂ ಗಿಟ್ಟಲಿಲ್ಲ. ಆದ್ರೆ ಅದೇ ನೆಪದಲ್ಲಿ ಟೆರೆಕ್ ಸ್ಯಾಂಡ್‌ಪೈಪರ್ ಅನ್ನೋ ಇನ್ನೊಂದು ಹಕ್ಕಿನ ಹತ್ರದಿಂದ ನೋಡಿದೆ ನೋಡಿ, ಮೇಲಕ್ಕೆ ಬಾಗಿದ ಕೊಕ್ಕು ಮುಂದೆ ಚಾಚಿ, ಗಿಡ್ಡ ಹಳದಿ ಕಾಲಲ್ಲಿ ತಲೆ ತಗ್ಗಿಸಿ ಓಡಿ ಏಡಿ ಹಿಡೀತು, ಹಿಡಿದದ್ದನ್ನ ನೀರಿನ ಹೊಂಡಕ್ಕೆ ಒಯ್ದು ಎರಡು ಸಲ ಅದ್ದಿ ಕೆಸರು ತೊಳೆದು ನುಂಗ್ತು. ಆ ಓಟ ನೋಡಿದ್ಮೇಲೆ ಟೆರೆಕ್ ಗುರುತಿಸೋಕೆ ನಂಗೆ ಸ್ಕೋಪೇ ಬೇಡ.

ಕೊನೆಗೆ ದೊಡ್ಡ ಲೆನ್ಸ್ ಇರೋ ಗೆಳೆಯನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಅವೇ ಹಕ್ಕಿಗಳಿಗೆ ಇಬ್ಬರೂ ಬೇರೆ ಬೇರೆಯಾಗಿ ಹೆಸರು ಬರೆದ್ವಿ. ಮೂವತ್ತನಾಲ್ಕರಲ್ಲೇನೋ ಮೂವತ್ತೊಂದು ತಾಳೆ ಆಯ್ತು, ಉಳಿದ ಮೂರರಲ್ಲಿ ಒಂದು ಅವನದೇ ತಪ್ಪು ಅಂತ ಅವನೇ ಒಪ್ಪಿದ.

ಲೆಸ್ಸರ್ ಅನ್ನ ಈಗ ಎರಡು ಜಾತಿ ಮಾಡಿದಾರೆ, ಆಫ್ರಿಕಾಗೆ ಬರೋದು ಟಿಬೆಟನ್, ನಮ್ಮ ಕರ್ನಾಟಕದ ಕರಾವಳಿಗೆ ಬರೋದೂ ಅದೇ. ಹೋದ ಡಿಸೆಂಬರ್ ರಜೆಗೆ ಕುಮಟಾಗೆ ಹೋದಾಗ ಅಘನಾಶಿನಿ ಅಳಿವೆಯಲ್ಲಿ ಅದೇ ಕಾಗದದ ಚೂರು ತೆಗೆದೆ, ಮೊದಲ ಹನ್ನೊಂದೂ ಟಿಬೆಟನ್, ಹನ್ನೆರಡನೇದರ ಕೊಕ್ಕು ಕಣ್ಣು ದಾಟಿತ್ತು.