ಮೊದಲ ಸಲ ಹಾಕಿ ಲೀಗ್ ಪಂದ್ಯದ ವರದಿಗೆ ಹೊರಟ ವಿದ್ಯಾರ್ಥಿಗಳಿಗೆ

ಪತ್ರಿಕೋದ್ಯಮ ಓದುತ್ತಿದ್ದೀರಿ, ಹಾಕಿ ಇಂಡಿಯಾ ಲೀಗ್ ಪಂದ್ಯಕ್ಕೆ ಮೀಡಿಯಾ ಪಾಸ್ ಸಿಕ್ಕಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸ್ಕೋರು ಹೇಳೋಕೆ ನೀವು ಬೇಕಾಗಿಲ್ಲ. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಪುರುಷರ ಫೈನಲ್‌ನಲ್ಲಿ ಬೆಂಗಾಲ್ ಟೈಗರ್ಸ್ 4-3ರಿಂದ ಹೈದರಾಬಾದ್ ತೂಫಾನ್ಸ್ ತಂಡವನ್ನು ಸೋಲಿಸಿತು, ಜುಗರಾಜ್ ಸಿಂಗ್ ಹ್ಯಾಟ್ರಿಕ್ ಹೊಡೆದರು, ಗೆಲುವಿನ ಗೋಲು ಸ್ಯಾಮ್ ಲೇನ್ ಅವರದು. ಇಷ್ಟನ್ನು ಮನೆಯಲ್ಲಿ ಕೂತೇ ಬರೆಯಬಹುದು, ಅಲ್ವಾ? ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ನಿಮ್ಮ ಕಣ್ಣಿಗೆ ಇಡೀ ಮೈದಾನ ಕಾಣುತ್ತದೆ. ಚೆಂಡು ಇಲ್ಲದ ಕಡೆ ಏನಾಗುತ್ತಿದೆ ಅಂತ ನೋಡಿ ಬರೆಯುವುದೇ ನಿಮ್ಮ ಕೆಲಸ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲ ಕಷ್ಟ ನೋಟ್ಸ್ ಮಾಡಿಕೊಳ್ಳುವುದು. ಎರಡು ಎಸೆತದ ನಡುವೆ ಸಿಗುವ ಬಿಡುವು ಇಲ್ಲಿ ಸಿಗುವುದಿಲ್ಲ. 15 ನಿಮಿಷದ ನಾಲ್ಕು ಕ್ವಾರ್ಟರ್, ಮೊದಲನೆಯದು ಮುಗಿದ ಮೇಲೆ ಮತ್ತು ಮೂರನೆಯದು ಮುಗಿದ ಮೇಲೆ ಬರೀ 2 ನಿಮಿಷ ವಿರಾಮ. ನೀವು ತಲೆ ತಗ್ಗಿಸಿ ಒಂದು ವಾಕ್ಯ ಬರೆಯುವಷ್ಟರಲ್ಲಿ ಚೆಂಡು ಈ ಕಡೆಯ ಡಿಯಿಂದ (ಗೋಲಿನ ಮುಂದೆ ಅರ್ಧವೃತ್ತದಂತೆ ಗೆರೆ ಎಳೆದ ಜಾಗ) ಆ ಕಡೆಯ ಡಿಗೆ ಹೋಗಿರುತ್ತದೆ. ಅದಕ್ಕೇ ವಾಕ್ಯ ಬೇಡ. ಸಮಯ, ಜೆರ್ಸಿ ನಂಬರು, ಒಂದೆರಡು ಅಕ್ಷರ ಸಾಕು. ಪೆನಾಲ್ಟಿ ಕಾರ್ನರ್‌ಗೆ (ಸಾಮಾನ್ಯವಾಗಿ ಎದುರಾಳಿ ತನ್ನ ಡಿಯೊಳಗೆ ತಪ್ಪು ಮಾಡಿದಾಗ ಸಿಗುವ ಗೋಲಿನ ಅವಕಾಶ) 'ಪೆಕಾ', ಹಳದಿ ಕಾರ್ಡಿಗೆ 'ಹಳ' ಅಂತ ನಿಮ್ಮದೇ ಗುರುತು ಇಟ್ಟುಕೊಳ್ಳಿ. ವಿರಾಮದಲ್ಲಿ ಅದನ್ನು ಬಿಡಿಸಿ ಬರೆಯಿರಿ.

ಸಮಯದ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಸ್ಕೋರ್‌ಬೋರ್ಡ್ ಗಡಿಯಾರ ಪ್ರತಿ ಕ್ವಾರ್ಟರ್‌ನಲ್ಲೂ 15:00ರಿಂದ ಕೆಳಗೆ ಇಳಿಯುತ್ತದೆ, ವರದಿಯಲ್ಲಿ ಮಾತ್ರ ಆಟ ಶುರುವಾಗಿ ಎಷ್ಟನೇ ನಿಮಿಷ ಅಂತ ಬರೆಯಬೇಕು. ಮೂರನೇ ಕ್ವಾರ್ಟರ್‌ನಲ್ಲಿ ಗಡಿಯಾರ 4:20 ತೋರಿಸುವಾಗ ಗೋಲು ಬಿತ್ತು ಅಂದುಕೊಳ್ಳಿ. ಆ ಕ್ವಾರ್ಟರ್‌ನಲ್ಲಿ 10 ನಿಮಿಷ 40 ಸೆಕೆಂಡ್ ಕಳೆದಿದೆ, ಹಿಂದಿನ 30 ಸೇರಿಸಿದರೆ 40:40. ಅಂದರೆ ಅದು 41ನೇ ನಿಮಿಷದ ಗೋಲು. ಗಡಿಯಾರದಲ್ಲಿ ಕಂಡಿದ್ದನ್ನೇ ಗುರುತು ಹಾಕಿಕೊಂಡು ಆಮೇಲೆ ಲೆಕ್ಕ ಮಾಡಿ, ಗಡಿಬಿಡಿಯಲ್ಲಿ ಮನಸ್ಸಿನಲ್ಲೇ ಕಳೆಯಲು ಹೋಗಬೇಡಿ.

ಪಂದ್ಯಕ್ಕೆ ಒಂದು ಗಂಟೆ ಮುಂಚೆಯಾದರೂ ಅಲ್ಲಿರಿ. ವಾರ್ಮ್‌ಅಪ್‌ನಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವುದು) ಅಭ್ಯಾಸ ಮಾಡುವವರು ಯಾರ್ಯಾರು ಅಂತ ನಂಬರು ಬರೆದುಕೊಳ್ಳಿ. ತಂಡದ ಪಟ್ಟಿ ಕೈಗೆ ಬಂದ ತಕ್ಷಣ ಹೆಸರುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಹಾಕಿಯಲ್ಲಿ ಹರ್ಮನ್‌ಪ್ರೀತ್, ಮನ್‌ಪ್ರೀತ್, ಜರ್ಮನ್‌ಪ್ರೀತ್, ಮನದೀಪ್ ಎಲ್ಲರೂ ಸಿಂಗ್. 'ಸಿಂಗ್ ಪಾಸ್ ಕೊಟ್ಟರು' ಅಂತ ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ವಿದೇಶಿ ಆಟಗಾರರ ಹೆಸರು ಹೇಗೆ ಉಚ್ಚರಿಸಬೇಕು ಅಂತ ತಂಡದವರನ್ನೇ ಕೇಳಿ, ಸಂಕೋಚ ಬೇಡ.

ಇನ್ನು ಪೆನಾಲ್ಟಿ ಕಾರ್ನರ್. ನನ್ನ ಪ್ರಕಾರ ಹೊಸಬರು ಕಣ್ಣಿಟ್ಟು ನೋಡಬೇಕಾದ್ದು ಇದನ್ನೇ. ಅಂಪೈರ್ ಕಾರ್ನರ್ ಕೊಟ್ಟ ಕೂಡಲೇ ಗಡಿಯಾರ ನಿಲ್ಲುತ್ತದೆ, ತಯಾರಾಗಲು 40 ಸೆಕೆಂಡ್ ಸಿಗುತ್ತದೆ. ಎಲ್ಲರೂ ರಿಪ್ಲೇ ನೋಡುತ್ತಿರುತ್ತಾರೆ, ನೀವು ಮೈದಾನ ನೋಡಿ. ಗೋಲು ತಡೆಯುವ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐದು ಜನ ಬ್ಯಾಕ್‌ಲೈನ್ ಹಿಂದೆ ನಿಲ್ಲುತ್ತಾರೆ, ಆ ತಂಡದ ಉಳಿದವರು ಮಧ್ಯದ ಗೆರೆಯ ಆಚೆ. ಚೆಂಡು ತಳ್ಳುವವರು ಯಾರು, ಡಿ ಅಂಚಿನಲ್ಲಿ ನಿಲ್ಲಿಸುವವರು ಯಾರು, ಫ್ಲಿಕ್‌ಗೆ ಎಷ್ಟು ಜನ ತಯಾರಾಗಿದ್ದಾರೆ? ಎದುರಿಂದ ಮುಖವಾಡ ಹಾಕಿಕೊಂಡು ಮೊದಲು ನುಗ್ಗಿ ಬರುವ ರಷರ್ ಯಾರು, ಯಾವ ಕಡೆ ಓಡಿದರು? ಮೊದಲ ಹೊಡೆತವೇ ಹಿಟ್ ಆದರೆ ಚೆಂಡು ಗೋಲುಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲೆ ಇರಬಾರದು, ಅಂದರೆ ಗೋಲಿನೊಳಗಿನ ಹಲಗೆಯ ಎತ್ತರ. ಫ್ಲಿಕ್‌ಗೆ ಆ ಮಿತಿ ಇಲ್ಲ, ಅದಕ್ಕೇ ಡ್ರ್ಯಾಗ್ ಫ್ಲಿಕ್ ಗೊತ್ತಿರುವವರಿಗೆ ಅಷ್ಟು ಬೆಲೆ. 2024ರಲ್ಲಿ ಲೀಗ್‌ನ ಆಟಗಾರರ ಹರಾಜಿನಲ್ಲಿ ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಹೋಗಿದ್ದು ಸುಮ್ನೆ ಅಲ್ಲ. ಪ್ರತಿ ಕಾರ್ನರ್‌ಗೂ ಒಂದು ಪುಟ್ಟ ಡಿ ಬಿಡಿಸಿ ಬಾಣದ ಗುರುತು ಹಾಕಿ. ನಾಲ್ಕೈದು ಕಾರ್ನರ್ ಆಗುವಷ್ಟರಲ್ಲಿ, ರಷರ್ ಫ್ಲಿಕ್‌ನ ದಾರಿ ಮುಚ್ಚಿದ್ದಕ್ಕೆ ತಂಡ ಚೆಂಡನ್ನು ಪಕ್ಕಕ್ಕೆ ಕೊಡಲು ಶುರುಮಾಡಿತು ಅನ್ನೋ ಥರದ ಕಥೆ ನಿಮ್ಮ ಹಾಳೆಯಲ್ಲೇ ಕಾಣುತ್ತದೆ.

ಹಳದಿ ಕಾರ್ಡ್ ಬಿದ್ದಾಗಲೂ ಅಷ್ಟೇ. ಆಟಗಾರ ಕನಿಷ್ಠ 5 ನಿಮಿಷ ಹೊರಗೆ, ಹಸಿರಾದರೆ 2 ನಿಮಿಷ. ಆ ಹೊತ್ತಿನಲ್ಲಿ ಬೆಂಚ್ ಕಡೆ ನೋಡಿ. ಕೋಚ್ ಯಾರನ್ನು ಹಿಂದಕ್ಕೆ ಕರೆದರು?

ಇದೆಲ್ಲ ಒಂದೇ ದಿನಕ್ಕೆ ಕೈಗೆ ಬರುವುದಿಲ್ಲ. ಬೆಂಗಳೂರಿನಲ್ಲಿದ್ದರೆ ಅಕ್ಕಿತಿಮ್ಮನಹಳ್ಳಿಯ ಕಾರ್ಯಪ್ಪ ಕ್ರೀಡಾಂಗಣದಲ್ಲಿ ಸ್ಥಳೀಯ ಪಂದ್ಯ ನೋಡಿ ರೂಢಿ ಮಾಡಿಕೊಳ್ಳಿ. ಇಲ್ಲವೇ ಕೊಡವ ಕೌಟುಂಬಿಕ ಹಾಕಿಗೆ ಹೋಗಿ. 1997ರಲ್ಲಿ ಕರಡದಲ್ಲಿ ಶುರುವಾದ ಈ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಪ್ರೆಸ್ ಬಾಕ್ಸ್‌ನಲ್ಲಿ ಚಪ್ಪಾಳೆ, ಕೂಗು ಬೇಡ. ಆಟಗಾರರ ಜೊತೆ ಸೆಲ್ಫಿಯೂ ಬೇಡ. ಮೂರನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ವರದಿಯ ಅರ್ಧ ಟೈಪ್ ಆಗಿರಲಿ, ಮೊದಲ ಪ್ಯಾರಾ ಮಾತ್ರ ಕೊನೆಗೆ ಬರೆಯಿರಿ. ಸಮ ಆದರೆ ಶೂಟೌಟ್ ಇದೆ, ಅಂದರೆ ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಗೋಲು ಹೊಡೆಯಲು ನೋಡುವುದು, ಪ್ರತಿ ಯತ್ನಕ್ಕೂ 8 ಸೆಕೆಂಡ್. ಕೆಲವು ವರ್ಷ ನಿಂತಿದ್ದ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗ ಮೊದಲ ಪಂದ್ಯವೇ ಶೂಟೌಟ್‌ಗೆ ಹೋಗಿತ್ತು.

ಪಂದ್ಯ ಮುಗಿದ ಮೇಲೆ 'ಗೆದ್ದಿದ್ದಕ್ಕೆ ಹೇಗನ್ನಿಸುತ್ತಿದೆ' ಅಂತ ಕೇಳಬೇಡಿ, ಖುಷಿಯಾಗಿದೆ ಅಂತಲೇ ಹೇಳುತ್ತಾರೆ. ನಿಮ್ಮ ಹಾಳೆ ನೋಡಿ ಕೇಳಿ: 'ಎರಡನೇ ಕಾರ್ನರ್‌ನಲ್ಲಿ ಫ್ಲಿಕ್ ಬಿಟ್ಟು ಬಲಕ್ಕೆ ಕೊಟ್ಟಿರಲ್ಲ, ಅದು ಮೊದಲೇ ತೀರ್ಮಾನಿಸಿದ್ದಾ?' ಹಾಗೆ ಕೇಳಿದರೆ ಆಟಗಾರರು ನಿಂತು ಮಾತಾಡುತ್ತಾರೆ, ಕೈಯಲ್ಲಿ ತೋರಿಸಿ ವಿವರಿಸುತ್ತಾರೆ. ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುವಾಗ ಅವರು ಹೇಳದ ಮಾತು ಸೇರಿಸಬೇಡಿ. ಕಳಿಸುವ ಮುಂಚೆ ಅಧಿಕೃತ ಮ್ಯಾಚ್ ಶೀಟ್ ಪಕ್ಕದಲ್ಲಿಟ್ಟುಕೊಂಡು ಗೋಲು ಹೊಡೆದವರ ಹೆಸರು, ನಿಮಿಷ, ಕಾರ್ಡ್ ಎಲ್ಲವನ್ನೂ ಒಂದೊಂದಾಗಿ ತಾಳೆ ನೋಡಿ. ಎಲ್ಲಾದರೂ ವ್ಯತ್ಯಾಸ ಕಂಡರೆ ಊಹೆ ಮಾಡದೆ, ಮೀಡಿಯಾ ಮ್ಯಾನೇಜರ್ ಅಲ್ಲಿಂದ ಹೊರಡುವ ಮುಂಚೆ ಹೋಗಿ ಕೇಳಿ.