ಎಡಗಡೆಯ ಪುಟ

ಮೊದಲ ವಾರದ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡಿದ್ದೆ: "ಇಲ್ಲಿನ ಹೆಂಗಸರು ಬೆಳಗ್ಗೆ ಏನೂ ತಿನ್ನುವುದಿಲ್ಲ." ಹನ್ನೊಂದು ಮನೆಯಲ್ಲಿ "ತಿಂಡಿ ಆಯ್ತಾ?" ಅಂತ ಕೇಳಿದ್ದೆ. ಎಲ್ಲ ಕಡೆಯೂ "ಇಲ್ಲ ಕಣವ್ವ" ಅಂದಿದ್ದರು. ಹೆಣ್ಣಿನ ಹಸಿವಿನ ಬಗ್ಗೆ ಮನಸ್ಸಿನಲ್ಲೇ ಒಂದು ಅಧ್ಯಾಯ ಬರೆದು ಮುಗಿಸಿದ್ದೆ. ಹತ್ತನೇ ದಿನ, ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಇದನ್ನು ಕೇಳಿ ನಕ್ಕುಬಿಟ್ಟರು. "ತಿಂಡಿ ಯಾರು ತಿಂದಾರು? ಎಲ್ರೂ ಹಿಟ್ಟುಂಡೇ ಗದ್ದೆಗೆ ಹೋಗೋದು."

ಹಿಟ್ಟು ಅಂದರೆ ಮುದ್ದೆ. ಅದು ಊಟ. ತಿಂಡಿ ಅಂದರೆ ಇಡ್ಲಿ, ದೋಸೆ, ಹೋಟೆಲಿನದು. ಅವರು ಸರಿಯಾಗೇ ಉತ್ತರ ಕೊಟ್ಟಿದ್ದರು. ಮೈಸೂರಿನ ಅಗ್ರಹಾರದ ನಮ್ಮ ಮನೆಯ ಎಂಟು ಗಂಟೆಯ ಪ್ಲೇಟನ್ನು ನಾನು ಪ್ರಶ್ನೆಯ ಒಳಗೇ ಇಟ್ಟುಕೊಂಡು ಹೋಗಿದ್ದೆ.

ಆಗ ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಒಂದು ಹಳ್ಳಿಯಲ್ಲಿ ಒಂದು ವರ್ಷ ಇರಬೇಕಿತ್ತು. ಜನರ ಜೊತೆಗೇ ಇದ್ದು, ಅವರ ಕೆಲಸದಲ್ಲಿ ಕೈಜೋಡಿಸುತ್ತಾ ನೋಡುವುದು. ಸಹಭಾಗಿ ಅವಲೋಕನ ಅಂತ ಅದಕ್ಕೆ ಹೆಸರು. ಊರು ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಭಾಷೆಯೂ ಕನ್ನಡವೇ. ಇದರಲ್ಲೇನು ಕಷ್ಟ ಅಂದುಕೊಂಡಿದ್ದೆ.

ಇದೇ ಮಂಡ್ಯದ ಎರಡು ಹಳ್ಳಿಗಳಲ್ಲಿ 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಕೆಲಸ ಮಾಡಿದ್ದರು. ನಾಲೆ ನೀರು ಸಿಕ್ಕಿದ ಊರು ಒಂದು, ಸಿಗದ ಊರು ಇನ್ನೊಂದು. ನೀರು ಬಂದ ಊರೇ ಜಾಸ್ತಿ ಬದಲಾಗಿರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅವರು ಕಂಡದ್ದು ಉಲ್ಟಾ. ಗದ್ದೆ, ಕಬ್ಬು ಬಂದ ಊರಿನಲ್ಲಿ ಹಳೆಯ ಸಂಬಂಧಗಳು ಹೆಚ್ಚುಕಡಿಮೆ ಹಾಗೇ ಉಳಿದವು. ನೀರಿಲ್ಲದ ಊರಿನವರು ವ್ಯಾಪಾರ, ಕೆಲಸ ಅಂತ ಹೊರಗೆ ಹೊರಟು, ಜಾಸ್ತಿ ಬದಲಾದರು. ವಿಯೆನ್ನಾದಲ್ಲಿ ಹುಟ್ಟಿದ ಆಕೆಗೆ ಮುದ್ದೆಯಿಂದ ಹಿಡಿದು ಎಲ್ಲವನ್ನೂ ಕೇಳಿಯೇ ತಿಳಿಯಬೇಕಿತ್ತು. ನನಗೆ ಆ ಅನುಕೂಲ ಇರಲಿಲ್ಲ.

ನನ್ನ ಗೈಡ್ ನೋಟ್‌ಬುಕ್ ತರಿಸಿಕೊಂಡು ಓದಿದರು. ಕೆಂಪು ಪೆನ್ನಿನಲ್ಲಿ ಕೆಲವು ಪದಗಳಿಗೆ ಸುತ್ತು ಹಾಕಿದರು: ಸುಮ್ಮನೆ, ಬರೀ, ಕೊಳಕು, ಪಾಪ. "ಇವೆಲ್ಲ ನಿನ್ನವು. ಎಡಗಡೆ ಪುಟಕ್ಕೆ ಹಾಕು" ಅಂದರು. ಅವತ್ತಿಂದ ಬಲಗಡೆ ಪುಟದಲ್ಲಿ ಯಾರು, ಎಲ್ಲಿ, ಎಷ್ಟು ಹೊತ್ತು, ಆಡಿದ ಮಾತು ಹೇಗಿತ್ತೋ ಹಾಗೆ. ಎಡಗಡೆ ನನ್ನ ಸಿಟ್ಟು, ಬೇಜಾರು, ಯಾರ ಮನೆಗೆ ಹೋಗಲು ಕಾಲು ಬರಲಿಲ್ಲ ಅನ್ನುವುದು.

ಸಹಭಾಗಿ ಅವಲೋಕನಕ್ಕೆ ಬುನಾದಿ ಹಾಕಿದ ಮಾನವಶಾಸ್ತ್ರಜ್ಞರಲ್ಲಿ ಮಾಲಿನೋವ್‌ಸ್ಕಿ ದೊಡ್ಡ ಹೆಸರು. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು, ಅಲ್ಲಿನವರ ಕಣ್ಣಿನಿಂದ ನೋಡಬೇಕು ಅಂತ ಬರೆದವನು. ಅವನು ತೀರಿಕೊಂಡು 25 ವರ್ಷದ ಮೇಲೆ, 1967ರಲ್ಲಿ, ಅವನ ಖಾಸಗಿ ದಿನಚರಿ ಅಚ್ಚಾಯಿತು. ಅದರಲ್ಲಿ ಅದೇ ಜನರ ಮೇಲೆ ಸಿಡುಕು, ತಾತ್ಸಾರ. ಓದಿದವರು ಬೆಚ್ಚಿದರು. ನನಗಂತೂ ಸಮಾಧಾನವೇ ಆಯಿತು. ಅವನ ಎಡಗಡೆ ಪುಟ ಸಿಕ್ಕಿತಲ್ಲ ಅಂತ.

ನನ್ನ ಮೊದಲ ಸುತ್ತು ಬಿದ್ದದ್ದು 'ಸುಮ್ಮನೆ'ಗೆ. "ಮಧ್ಯಾಹ್ನ ಹೆಂಗಸರು ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಾರೆ" ಅಂತ ಬರೆದಿದ್ದೆ. ಆ ಪದ ತೆಗೆದರೆ ಅಲ್ಲಿ ಏನಾದರೂ ಬರೆಯಲೇಬೇಕಲ್ಲ? ಮಾರನೇ ದಿನ ಹೋಗಿ ಕೂತೆ. ಒಬ್ಬಳು ಇನ್ನೊಬ್ಬಳ ತಲೆಯಲ್ಲಿ ಹೇನು ನೋಡುತ್ತಿದ್ದಳು. ಮಾತು ಬರೆದುಕೊಂಡೆ. "ನಾಳಿದ್ದು ನಿಮ್ದು. ಆಮ್ಯಾಕೆ ನಮ್ದು." "ನಿಮ್ಮತ್ತೇದು ಎರಡಾಳು ಬಾಕಿ ಅದೆ." ಮೂರು ದಿನ ಹೀಗೇ ಬರೆದ ಮೇಲೆ ತಲೆಗೆ ಹೋಯಿತು. ಇದು ಮುಯ್ಯಾಳಿನ ಲೆಕ್ಕ. ನಾನು ನಿನ್ನ ಗದ್ದೆಗೆ ಒಂದು ದಿನ ಬಂದರೆ ನೀನು ನನ್ನ ಗದ್ದೆಗೆ ಒಂದು ದಿನ ಬರಬೇಕು. ದುಡ್ಡಿನ ಮಾತಿಲ್ಲ. ಯಾರ ಗದ್ದೆಯಲ್ಲಿ ಯಾವತ್ತು ನಾಟಿ, ಯಾರಿಗೆ ಎಷ್ಟಾಳು ಬಾಕಿ, ಯಾರನ್ನು ಈ ಸಲ ಕರೆಯಬಾರದು, ಎಲ್ಲ ಆ ಜಗಲಿಯಲ್ಲೇ ತೀರ್ಮಾನ. ಕಾಗದ ಇಲ್ಲ, ಪೆನ್ನಿಲ್ಲ. ಇಡೀ ಊರಿನ ನಾಟಿಯ ಟೈಂಟೇಬಲ್ ನನ್ನ ಕಣ್ಣೆದುರೇ ತಯಾರಾಗುತ್ತಿತ್ತು. ನನಗೆ ಕಂಡದ್ದು ಹೇನು ಮಾತ್ರ. ನಮ್ಮ ಮನೆಯಲ್ಲಿ ಅಮ್ಮ ಅಡುಗೆಮನೆ ಬಿಟ್ಟು ಕೂತರೆ ಅಜ್ಜಿ "ಸುಮ್ನೆ ಕೂತಿದ್ದಾಳೆ" ಅನ್ನುತ್ತಿದ್ದರು. ನಾನು ನೋಡಿದ್ದು ಅಜ್ಜಿಯ ಕಣ್ಣಿನಲ್ಲಿ.

ಇನ್ನೊಂದು ತಪ್ಪು ಇಷ್ಟು ಹಗುರವಾಗಿ ಹೇಳುವಂಥದ್ದಲ್ಲ. ನಾನಿದ್ದದ್ದು ಊರಿನ ದೊಡ್ಡ ಜಮೀನುದಾರರ ಮನೆಯಲ್ಲಿ. ದಲಿತರ ಕೇರಿಗೆ ಹೋದ ಮೊದಲ ದಿನವೇ "ಯಾರೂ ಕುಡಿಯಲು ನೀರು ಕೂಡ ಕೊಡಲಿಲ್ಲ, ನಂಬಿಕೆ ಇಲ್ಲ" ಅಂತ ಬರೆದಿದ್ದೆ. ಮೂರನೇ ಸಲ ಹೋದಾಗ ಬಿಸಿಲಿಗೆ ತಡೆಯಲಾರದೆ "ಅಕ್ಕ, ನೀರು ಕೊಡಿ" ಅಂದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. "ಕುಡೀತೀರಾ?" ಅಂದರು. ಕೊಟ್ಟರೆ ನಾನು ಮುಟ್ಟದೆ ಎದ್ದು ಹೋದೇನು ಅಂತ ಅವರು ಕೊಟ್ಟಿರಲಿಲ್ಲ. ಚೊಂಬು ಕೈಗೆ ಬಂದಾಗ ನನ್ನ ಕೈ ಒಂದು ಸಲ ತಡೆಯಿತು. ಕುಡಿದೆ. ಆದರೆ ತಡೆದದ್ದನ್ನು ಆಕೆ ನೋಡಿದರು. ಎಡಗಡೆ ಪುಟದಲ್ಲಿ ಅವತ್ತು ಒಂದೇ ಸಾಲು ಇದೆ.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ 'ರಾಂಪುರ' ಎಂದು ಹೆಸರು ಬದಲಿಸಿದ ಹಳ್ಳಿಯಲ್ಲಿದ್ದಾಗ, ತಾನು ಊರನ್ನು ಹೆಚ್ಚಾಗಿ ಮೇಲ್ಜಾತಿಯ, ಜಮೀನುಳ್ಳವರ ಕಡೆಯಿಂದ ನೋಡಿದೆ ಅಂತ ಆಮೇಲೆ ಅವರೇ ಒಪ್ಪಿಕೊಂಡಿದ್ದಾರೆ. ಇದನ್ನು ಪರೀಕ್ಷೆಗೆ ಓದಿದ್ದೆ, ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ. ಆದರೂ ಹಾಸಿಗೆ ಹಾಸಿದ್ದು ಅಂಥದ್ದೇ ಮನೆಯಲ್ಲಿ. ಬಾತ್‌ರೂಮ್ ಇದ್ದದ್ದು ಅಲ್ಲಿ ಅನ್ನುವುದು ನಿಜವಾದ ಕಾರಣ. ಆಮೇಲೆ ವಾರಕ್ಕೆ ಮೂರು ದಿನ ಕೇರಿಯಲ್ಲೇ ಕೂರುವುದು ರೂಢಿ ಮಾಡಿಕೊಂಡೆ. ಅದೇ ನಾಟಿ, ಅದೇ ಗದ್ದೆ. ಮುಯ್ಯಾಳಿನ ಬದಲು ಅಲ್ಲಿ ಕೇಳಿದ್ದು ಕೂಲಿಯ ಮಾತು, ಬಾಕಿ ಉಳಿದ ಕೂಲಿಯ ಮಾತು.

ಊರಿನವರಿಗೂ ನನ್ನ ಬಗ್ಗೆ ಅವರದೇ ಲೆಕ್ಕ ಇತ್ತು ಅನ್ನಿ. ಸಾಲ ಮನ್ನಾ ಪಟ್ಟಿ ಮಾಡೋಕೆ ಬಂದವಳು ಅಂದುಕೊಂಡು ಮೊದಲ ತಿಂಗಳು ಎಲ್ಲರೂ ಜಮೀನು ಕಮ್ಮಿ ಹೇಳಿದ್ದರು. ಆ ಪುಟಗಳನ್ನೆಲ್ಲ ಮತ್ತೆ ಬರೆದೆ.

ನಾಟಿ ಶುರುವಾದಾಗ ನಾನೂ ಗದ್ದೆಗೆ ಇಳಿದೆ. ಸಾಲಿನಲ್ಲಿ ಎಲ್ಲರೂ ಹಿಂದೆ ಸರಿಯುತ್ತಾ ಹೋದರು, ನಾನೊಬ್ಬಳೇ ಮುಂದೆ ಉಳಿದೆ. ಸಂಜೆ ನೋಡಿದರೆ ನಾನು ನೆಟ್ಟ ಪೈರು ಅರ್ಧಕ್ಕರ್ಧ ತೇಲುತ್ತಿತ್ತು. ಜಗಲಿಯಲ್ಲಿ ಲೆಕ್ಕ ಹಾಕುವಾಗ ಅಜ್ಜಿಯನ್ನು ಕೇಳಿದೆ, ನನ್ನದು ಒಂದಾಳು ಜಮಾ ಆಯ್ತಾ ಅಂತ.

"ಅರ್ಧಾಳು ಅಂತ ಬರ್ಕೊ ಮಗ" ಅಂದರು.

ಬಲಗಡೆ ಪುಟದಲ್ಲಿ ಬರೆದುಕೊಂಡೆ.