ಡ್ರೈ ಫುಡ್ ಬಿಟ್ಟು ಹಸಿ ಮಾಂಸ: ಕೆಂಚನ ತಟ್ಟೆಯ ಲೆಕ್ಕಾಚಾರ

ಮೊದಲೇ ಹೇಳಿಬಿಡುತ್ತೇನೆ, ಡ್ರೈ ಫುಡ್, ಅಂದರೆ ಅಂಗಡಿಯಲ್ಲಿ ಸಿಗುವ ನಾಯಿಯ ಒಣ ಊಟ, ವಿಷ ಅಂತ ನಾನು ನಂಬುವುದಿಲ್ಲ. ನಮ್ಮ ನಾಯಿ ಕೆಂಚ ಮರಿಯಿಂದ ಅದನ್ನೇ ತಿಂದು ಬೆಳೆದವನು, ಗಟ್ಟಿಮುಟ್ಟಾಗಿಯೇ ಇದ್ದ. ಆದರೆ ಎರಡು ಕಾಟ ಇತ್ತು. ತಟ್ಟೆ ಮುಂದಿಟ್ಟರೆ ಮೂಸಿ ನೋಡಿ, ಮುಖ ತಿರುಗಿಸಿ ಹೋಗಿ ಮಲಗುತ್ತಿದ್ದ. ತಿಂದ ದಿನ ಮೂರು ನಾಲ್ಕು ಸಲ ರಾಶಿ ರಾಶಿ ಮೆತ್ತನೆ ಮಲ. ರಕ್ತ, ಮಲ ಎರಡೂ ಪರೀಕ್ಷೆ ಮಾಡಿಸಿದೆವು. ಕಾಯಿಲೆ ಏನೂ ಸಿಗಲಿಲ್ಲ. ಸರಿ, ಊಟವನ್ನೇ ಬದಲಾಯಿಸಿ ನೋಡೋಣ ಅನ್ನಿಸಿತು.

ಹಸಿ ಮಾಂಸ ಹಾಕುವವರ ಬಾಯಲ್ಲಿ ಮೊದಲು ಬರುವ ಮಾತು ತೋಳದ್ದು. ನಾಯಿ ಅಂದರೆ ತೋಳದ ವಂಶ, ಅದಕ್ಕೆ ಮಾಂಸವೇ ಸರಿ ಅಂತ. ನನಗೆ ಈ ವಾದ ಅಷ್ಟಾಗಿ ಒಪ್ಪಿಗೆಯಿಲ್ಲ. 2013ರಲ್ಲಿ ಸ್ವೀಡನ್‌ನ ಸಂಶೋಧಕರ ತಂಡವೊಂದು ನಾಯಿ ಮತ್ತು ತೋಳಗಳ ಜೀನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಪಿಷ್ಟ ಅರಗಿಸುವ ಅಮೈಲೇಸ್ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30 ಪ್ರತಿ ಇದ್ದವು. ಸಾವಿರಾರು ವರ್ಷ ಮನುಷ್ಯರ ಎಂಜಲು ತಿಂದು ಬದುಕಿದ ಪ್ರಾಣಿ ಅಲ್ವಾ, ಧಾನ್ಯವೂ ಅದಕ್ಕೆ ಅರಗುತ್ತದೆ. ಹಾಗಾಗಿ ತೋಳದ ಕಥೆ ಬದಿಗಿಡೋಣ. ನಮ್ಮ ನಾಯಿಗೆ ಇದು ಹೊಂದುತ್ತದಾ ಅನ್ನುವುದಷ್ಟೇ ನನಗೆ ಬೇಕಿದ್ದದ್ದು.

ಡಾಕ್ಟರ ಹತ್ತಿರ ಹೋಗಿ ಕೇಳಿದೆ. "ನೋಡಿ, ನಾನಂತೂ ಹಾಕಿ ಅಂತ ಹೇಳಲ್ಲ. ಹಾಕೇ ಹಾಕ್ತೀನಿ ಅಂದ್ರೆ ಮೂಳೆ ಎಷ್ಟು, ಲಿವರ್ ಎಷ್ಟು ಅಂತ ಬರ್ಕೊಂಡು ಬನ್ನಿ" ಅಂದರು. ಅವರು ಹಾಗೆ ಹಿಂಜರಿದದ್ದಕ್ಕೆ ಕಾರಣವಿದೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಹಸಿ ಮಾಂಸ, ಹಸಿ ಮೂಳೆಯ ಊಟವನ್ನು ಜನಪ್ರಿಯ ಮಾಡಿದರೂ, ವೈದ್ಯರ ಸಂಘಗಳು ಒಪ್ಪಿಲ್ಲ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಬೇಯಿಸದ ಮಾಂಸ ಬೇಡ ಅಂತ ನಿಲುವು ತಳೆಯಿತು. ಸಾಲ್ಮೊನೆಲ್ಲಾದಂಥ ರೋಗಾಣುಗಳು ನಾಯಿಗೂ ಮನೆಯವರಿಗೂ ಅಂಟುತ್ತವೆ ಅನ್ನುವುದು ಅವರ ಮುಖ್ಯ ಆತಂಕ. ಅದು ಸುಳ್ಳಲ್ಲ. ಮನೆಯಲ್ಲಿ ಎಳೆ ಮಕ್ಕಳು, ಬಸುರಿಯರು, ತೀರಾ ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದಿದ್ದರೆ ನಾನು ಇದಕ್ಕೆ ಕೈ ಹಾಕುತ್ತಿರಲಿಲ್ಲ. ಬೇಯಿಸಿ ಹಾಕುತ್ತಿದ್ದೆ, ಅಷ್ಟೇ.

ಮೂಳೆಯ ಲೆಕ್ಕ ಬರೆಯಲು ಕೂತಾಗಲೇ ಇದರ ತಿರುಳು ಏನು ಅಂತ ಗೊತ್ತಾಗಿದ್ದು. ಬರೀ ಮಾಂಸ ಊಟವೇ ಅಲ್ಲ. 100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಮಾತ್ರ 10 ಮಿಲಿಗ್ರಾಂ ಆಸುಪಾಸು. ನಾಯಿಗೆ ಬೇಕಾಗಿರುವುದು ಇದರ ಉಲ್ಟಾ. ಕ್ಯಾಲ್ಸಿಯಂ ರಂಜಕದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಊಟದಲ್ಲಿ ಸಿಗದಿದ್ದರೆ ದೇಹ ಸುಮ್ನೆ ಕೂರುವುದಿಲ್ಲ, ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಶುರು ಮಾಡಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ಬೆಳೆಯುವ ಮರಿಗೆ ಬರೀ ಮಾಂಸ ಹಾಕಿದರೆ ಕಾಲು ಸೊಟ್ಟಗಾಗುತ್ತದೆ, ಸುಮ್ನೆ ಹಾರಿದರೂ ಮೂಳೆ ಮುರಿಯುತ್ತದೆ. ದೊಡ್ಡ ಜಾತಿಯ ಮರಿಗಳಿಗೆ ಇನ್ನೊಂದು ತೊಡಕು, ಕ್ಯಾಲ್ಸಿಯಂ ಅತಿಯಾದರೂ ಮೂಳೆ ಕೆಡುತ್ತದೆ. ಮರಿಗಳಿಗೆ ಮನೆಯ ಅಂದಾಜಿನಲ್ಲಿ ಹಸಿ ಊಟ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೆಂಚ ಆಗಲೇ ದೊಡ್ಡವನಾಗಿದ್ದ.

ಹಸಿ ಊಟ ಹಾಕುವವರಲ್ಲಿ ಓಡಾಡುವ ಸೂತ್ರ 80-10-10. ನೂರರಲ್ಲಿ 80 ಭಾಗ ಮಾಂಸ, 10 ಭಾಗ ತಿನ್ನಬಹುದಾದ ಮೂಳೆ, 5 ಭಾಗ ಲಿವರ್, ಇನ್ನು 5 ಭಾಗ ಕಿಡ್ನಿ ಅಥವಾ ಗುಲ್ಮ. ಹೃದಯ, ಗಿಜರ್ಡ್ (ಕೋಳಿಯ ಹೊಟ್ಟೆಯ ಗಟ್ಟಿ ಚೀಲ) ಎರಡೂ ಮಾಂಸಖಂಡಗಳೇ, ಅವು 80ರ ಲೆಕ್ಕಕ್ಕೆ ಸೇರುತ್ತವೆ. ದಿನಕ್ಕೆ ಒಟ್ಟು ಎಷ್ಟು ಅಂದರೆ ನಾಯಿಯ ತೂಕದ ನೂರಕ್ಕೆ ಎರಡರಿಂದ ಮೂರು ಭಾಗ.

ಕೆಂಚನ ತೂಕ 20 ಕಿಲೋ. ಎರಡೂವರೆ ಭಾಗ ಹಿಡಿದರೆ ದಿನಕ್ಕೆ 500 ಗ್ರಾಂ. ಅದರಲ್ಲಿ ಮೂಳೆ 50 ಗ್ರಾಂ, ಲಿವರ್ 25, ಕಿಡ್ನಿ 25. ಇಲ್ಲಿ ಒಂದು ಸಂಗತಿ ಗಮನಿಸಬೇಕು. 50 ಗ್ರಾಂ ಮೂಳೆ ಅಂದರೆ 50 ಗ್ರಾಂ ಕೋಳಿ ರೆಕ್ಕೆ ಅಲ್ಲ. ರೆಕ್ಕೆಯ ತೂಕದಲ್ಲಿ ಮೂಳೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಹಾಗಾಗಿ ಸುಮಾರು 110 ಗ್ರಾಂ ರೆಕ್ಕೆ ಹಾಕಿದರೆ 50 ಗ್ರಾಂ ಮೂಳೆ ಸಿಗುತ್ತದೆ, ಜೊತೆಗೆ 60 ಗ್ರಾಂ ಮಾಂಸ ಮತ್ತು ಚರ್ಮ ಬರುತ್ತದೆ. ಉಳಿದ ಮಾಂಸ 340 ಗ್ರಾಂ ಬೇರೆ ಹಾಕಬೇಕು. ಅಡುಗೆಮನೆಯ ತೂಕದ ಯಂತ್ರ ಇಲ್ಲದೆ ಇದು ಆಗದ ಮಾತು. ಕಣ್ಣಳತೆಯಲ್ಲಿ ಲಿವರ್ ಯಾವಾಗಲೂ ಜಾಸ್ತಿಯೇ ಬೀಳುತ್ತದೆ. ಲಿವರ್‌ನಲ್ಲಿ ಎ ವಿಟಮಿನ್ ದಂಡಿಯಾಗಿದೆ, ಅದು ದೇಹದಲ್ಲೇ ಶೇಖರವಾಗುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಜಾಸ್ತಿ ಹಾಕಿದರೆ ಒಳ್ಳೆಯದಲ್ಲ.

ಆ 500 ಗ್ರಾಂ ಅನ್ನುವುದನ್ನೂ ದೇವರ ವಾಕ್ಯ ಅಂತ ಹಿಡಿಯಬಾರದು. ಚರ್ಮ ತೆಗೆದ ಕೋಳಿ ಎದೆಮಾಂಸ 100 ಗ್ರಾಂಗೆ ಸುಮಾರು 120 ಕ್ಯಾಲೊರಿ. ಕೊಬ್ಬು ಜಾಸ್ತಿ ಇರುವ ಖೈಮಾ 250ರ ಆಸುಪಾಸು. ಅದೇ ಅರ್ಧ ಕಿಲೋದಲ್ಲಿ ಒಂದು 600, ಇನ್ನೊಂದು 1250! ಕೆಂಚನ ಗಾತ್ರದ, ಸಂತಾನಹರಣ ಮಾಡಿಸಿದ ನಾಯಿಗೆ ದಿನಕ್ಕೆ ಸುಮಾರು ಸಾವಿರ ಕ್ಯಾಲೊರಿ ಬೇಕು. ಅದಕ್ಕೇ ನಾನು ತಟ್ಟೆಗಿಂತ ನಾಯಿಯನ್ನು ಜಾಸ್ತಿ ನೋಡುತ್ತೇನೆ. ಪಕ್ಕೆ ಮೇಲೆ ಕೈ ಆಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಹಿಂದೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿದ್ದ ನಾಯಿಗೆ ಕೊಬ್ಬಿನ ಮಾಂಸ ಅಪಾಯ, ಅಂಥವರು ಡಾಕ್ಟರನ್ನು ಕೇಳದೆ ಶುರುವೇ ಮಾಡಬೇಡಿ.

ಬದಲಾವಣೆ ನಿಧಾನಕ್ಕೆ ಮಾಡಿದೆ. ಒಂದೇ ಬಗೆಯ ಮಾಂಸ, ಕೋಳಿ, ಅದೂ ಚರ್ಮ ತೆಗೆದದ್ದು. ಮೊದಲು ಕಾಲು ಭಾಗ ಮಾಂಸ, ಮುಕ್ಕಾಲು ಭಾಗ ಡ್ರೈ ಫುಡ್. ಹೊಟ್ಟೆ ಸರಿಯಿದ್ದರೆ ಅರ್ಧಕ್ಕರ್ಧ. ಆಮೇಲೆ ಪೂರ್ತಿ. ಎರಡನ್ನೂ ಬೆರೆಸಬಾರದು, ಒಂದು ಬೇಗ ಅರಗುತ್ತದೆ ಇನ್ನೊಂದು ತಡ ಅಂತ ಸುಮಾರು ಜನ ಹೇಳಿದರು. ಕೆಂಚನ ಹೊಟ್ಟೆ ಆ ಮಾತು ಕೇಳಿಸಿಕೊಂಡಂತಿಲ್ಲ, ಬೆರೆಸಿದ್ದು ಆರಾಮಾಗಿ ಅರಗಿತು. ಲಿವರ್ ಕಡೆಗೆ ಸೇರಿಸಿದ್ದು, ಅದೂ ಬೆರಳುಗುರಿನಷ್ಟು ಚೂರಿನಿಂದ ಶುರುಮಾಡಿ. ಕೋಳಿ ಒಗ್ಗಿದ ಮೇಲೆ ಒಂದೊಂದಾಗಿ ಬೇರೆ ಮಾಂಸ. ಹೀಗೆ ಮಾಡಿದರೆ ಯಾವುದಾದರೂ ಹೊಂದದಿದ್ದರೆ ಯಾವುದು ಅಂತ ಗೊತ್ತಾಗುತ್ತದೆ.

ಇನ್ನು ಮಲದ ವಿಷಯ. ಊಟ ಮಾಡುತ್ತಾ ಓದುತ್ತಿದ್ದರೆ ಈ ಪ್ಯಾರಾ ಆಮೇಲೆ ಓದಿ. ಹಸಿ ಊಟದಲ್ಲಿ ದಿನಾ ಕಣ್ಣಿಗೆ ಕಾಣುವ ರಿಪೋರ್ಟ್ ಅಂದರೆ ಇದೇ. ಬೆಳ್ಳಗೆ, ಪುಡಿಪುಡಿಯಾಗಿ, ತಿಣುಕಿ ಹಾಕುತ್ತಿದ್ದರೆ ಮೂಳೆ ಜಾಸ್ತಿ. ಕಪ್ಪಗೆ ಮೆತ್ತಗಿದ್ದರೆ ಸಾಮಾನ್ಯವಾಗಿ ಲಿವರ್, ಕಿಡ್ನಿ ಜಾಸ್ತಿಯಾಗಿದೆ ಅಥವಾ ಮೂಳೆ ಕಮ್ಮಿ. ಆದರೆ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಅದು ಒಳಗಿನ ರಕ್ತಸ್ರಾವ ಇರಬಹುದು, ಕಾಯದೆ ಡಾಕ್ಟರ ಹತ್ತಿರ ಓಡಬೇಕು. ಲೋಳೆ, ಕೊಬ್ಬಿನ ಹೊಳಪು ಕಂಡರೆ ಕೊಬ್ಬು ಇಳಿಸುತ್ತೇನೆ. ಎಲ್ಲಾ ಸರಿಯಿದ್ದಾಗ ಚಿಕ್ಕದು, ಗಟ್ಟಿ, ವಾಸನೆ ಕಮ್ಮಿ. ದಿನಕ್ಕೆ ಒಂದೋ ಎರಡೋ ಸಲ.

ಮೂಳೆಯಲ್ಲಿ ಎರಡು ಜಾತಿ ಮಾಡಿಕೊಂಡಿದ್ದೇನೆ. ಕೋಳಿಯ ರೆಕ್ಕೆ, ಬೆನ್ನಿನ ಭಾಗದಂಥ ಮೆದು ಮೂಳೆ ತಿನ್ನುವುದಕ್ಕೆ. ದೊಡ್ಡ ಪ್ರಾಣಿಗಳ ಕಾಲಿನ ಗಟ್ಟಿ ಮೂಳೆ ನಾನು ಕೊಡುವುದೇ ಇಲ್ಲ. ಅದನ್ನು ಕಚ್ಚಿ ನಾಯಿಗಳು ಮೇಲಿನ ದೊಡ್ಡ ದವಡೆ ಹಲ್ಲು ಸೀಳಿಕೊಳ್ಳುತ್ತವೆ, ಒಳಗಿನ ನರ ತೆರೆದುಕೊಂಡು ಕೊನೆಗೆ ಹಲ್ಲು ಕೀಳಿಸಬೇಕಾಗುತ್ತದೆ. ಬೇಯಿಸಿದ ಮೂಳೆ ಅಂತೂ ಯಾವ ಗಾತ್ರದ್ದೂ ಬೇಡ. ಅದು ಚೂಪು ಚೂರಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಹಸಿ ಮೂಳೆಯಲ್ಲೂ ಗಂಟಲಿಗೆ ಸಿಕ್ಕುವ ಭಯ ತಪ್ಪಿದ್ದಲ್ಲ. ಕೆಂಚ ಆತುರಗಾರ, ರೆಕ್ಕೆಯ ಒಂದು ತುದಿ ನಾನು ಕೈಯಲ್ಲೇ ಹಿಡಿದಿರುತ್ತೇನೆ. ಕಟುಂ ಕಟುಂ ಅಂತ ಎರಡು ಸಲ ಅಗಿದು, ತಲೆ ಓರೆ ಮಾಡಿ ಇನ್ನೊಂದು ಕಡೆಯ ದವಡೆಗೆ ತಂದುಕೊಂಡ ಮೇಲೆ ಕೈ ಬಿಡುತ್ತೇನೆ. ಕೈ ಹಿಡಿಯದ ದಿನ ಮೂಳೆ ಇಲ್ಲ. ಆ ದಿನ ಮೊಟ್ಟೆಚಿಪ್ಪಿನ ಪುಡಿ. ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿಟ್ಟುಕೊಳ್ಳುತ್ತೇನೆ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆ ಅಂದರೆ ಹೆದರಿಕೆ ಅನ್ನುವವರು ಯಾವಾಗಲೂ ಇದನ್ನೇ ಬಳಸಬಹುದು.

ಹಲ್ಲಿನ ಬಗ್ಗೆ ಒಂದು ಮಾತು. ಮೂಳೆ ಅಗಿದರೆ ಹಲ್ಲಿನ ಮೇಲಿನ ಪಾಚಿ ಕಮ್ಮಿಯಾಗುವುದು ನಿಜ. ವಸಡು ಆರೋಗ್ಯವಾಗಿದೆ ಅಂತ ಅದರಿಂದ ಹೇಳಲಾಗದು. ಬ್ರಶ್ ನಾನು ಬಿಟ್ಟಿಲ್ಲ.

ಶುಚಿ ವಿಷಯದಲ್ಲಿ ನಾನು ಮನೆಯವರಿಗೆ ಬೇಸರ ಬರುವಷ್ಟು ಕಟ್ಟುನಿಟ್ಟು. ಮಾಂಸ ತಂದ ದಿನವೇ ಒಂದೊಂದು ದಿನದ ಪಾಲು ಡಬ್ಬಿಗೆ ಹಾಕಿ ಫ್ರೀಜರ್‌ಗೆ. ಹಿಂದಿನ ರಾತ್ರಿ ಒಂದು ಡಬ್ಬಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸುತ್ತೇನೆ, ರಕ್ತದ ನೀರು ಸೋರಿದರೂ ಬೇರೆ ತಿಂಡಿಯ ಮೇಲೆ ಬೀಳಬಾರದು. ಹೊರಗಿಟ್ಟು ಕರಗಿಸುವುದಿಲ್ಲ. ನಲ್ಲಿ ಕೆಳಗೆ ಮಾಂಸ ತೊಳೆಯುವುದೂ ಇಲ್ಲ, ತೊಳೆದರೆ ರೋಗಾಣು ಸಿಂಕ್ ತುಂಬಾ ಸಿಡಿಯುತ್ತದೆ. ಕೆಂಚನ ಮಾಂಸಕ್ಕೆಂದೇ ಬೇರೆ ಚಾಕು, ಬೇರೆ ಮಣೆ, ಸ್ಟೀಲ್ ತಟ್ಟೆ. ತಿಂದು ಮುಗಿಸಿದ ಕೂಡಲೇ ತಟ್ಟೆಗೂ ನೆಲಕ್ಕೂ ಸೋಪು, ಬಿಸಿನೀರು. ಊಟವಾದ ಮೇಲೆ ಕೆಂಚ ಮುಖ ನೆಕ್ಕಲು ಬಂದರೆ ನೋ. ನಾಯಿ ನೋಡಲು ಆರೋಗ್ಯವಾಗಿದ್ದರೂ ಅದರ ಮಲದಲ್ಲಿ ಸಾಲ್ಮೊನೆಲ್ಲಾ ಇರಬಹುದು, ಎತ್ತಿದ ಮೇಲೆ ಕೈ ತೊಳೆಯಲೇಬೇಕು.

ಫ್ರೀಜರ್‌ನಲ್ಲಿಟ್ಟರೆ ಎಲ್ಲಾ ಸಾಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ. ಮೈನಸ್ 20 ಡಿಗ್ರಿಯಲ್ಲಿ ಹಲವು ದಿನ ಇಟ್ಟರೆ ಲಾಡಿಹುಳದ ಗಂಟುಗಳಂಥ ಪರಾವಲಂಬಿಗಳು ಸಾಯುತ್ತವೆ. ಕುರಿಯ ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆಯಂತೆ ಇರುವ ಗಂಟು ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆದು, ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಮೈಯೊಳಗೂ ಅಂಥದೇ ನೀರುಗುಳ್ಳೆ ಬೆಳೆಯುವ ಹೈಡಾಟಿಡ್ ಕಾಯಿಲೆ. ಹಾಗಾಗಿ ಕುರಿಯ ಒಳಭಾಗ ತಾಜಾ ಹಾಕುವುದಿಲ್ಲ. ಜಂತುಹುಳದ ಔಷಧಿಯೂ ಡಾಕ್ಟರು ಹೇಳಿದ ಹಾಗೆ ತಪ್ಪದೆ ಆಗುತ್ತದೆ. ಹಂದಿ ಮಾಂಸ ಹಸಿಯಾಗಿ ಕೊಡುವುದೇ ಇಲ್ಲ. ಅದರಲ್ಲಿ ಆಜೆಸ್ಕಿ ವೈರಸ್ ಇದ್ದರೆ ನಾಯಿ ಬದುಕುವುದಿಲ್ಲ.

ಕೋಳಿ ಕುತ್ತಿಗೆಯನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ನಾಯಿಗಳಿಗೆ ಇದ್ದಕ್ಕಿದ್ದಂತೆ ಕಾಲು ಸ್ವಾಧೀನ ತಪ್ಪುವ ಒಂದು ನರದ ಕಾಯಿಲೆಗೂ ಹಸಿ ಕೋಳಿಯಲ್ಲಿರುವ ಕ್ಯಾಂಪಿಲೊಬ್ಯಾಕ್ಟರ್‌ಗೂ ನಂಟಿದೆ ಅಂತ 2018ರಲ್ಲಿ ಮೆಲ್ಬೋರ್ನ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿತು. ಅಲ್ಲಿ ಕುತ್ತಿಗೆಯ ಹೆಸರೇ ಮುಖ್ಯವಾಗಿ ಬಂದದ್ದು. ಹಾಗಂತ ರೆಕ್ಕೆಗೆ ಆ ಬ್ಯಾಕ್ಟೀರಿಯಾ ಬರುವುದಿಲ್ಲ ಅಂತಲ್ಲ. ಅಪಾಯ ಉಳಿದೇ ಇದೆ, ಗೊತ್ತಿದ್ದೇ ಹಾಕುತ್ತಿದ್ದೇನೆ. ದೊಡ್ಡ ಪ್ರಾಣಿಗಳ ಗಂಟಲ ಭಾಗವೂ ಬೇಡ. ಅದಕ್ಕೆ ಥೈರಾಯ್ಡ್ ಗ್ರಂಥಿ ಅಂಟಿಕೊಂಡು ಬಂದರೆ ನಾಯಿಯ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಏರಿ, ತೂಕ ಇಳಿದು, ಎದೆಬಡಿತ ಜಾಸ್ತಿಯಾಗುತ್ತದೆ.

80-10-10 ಅಂದಮೇಲೆ ಎಲ್ಲಾ ಪೋಷಕಾಂಶ ಬಂತು ಅಂತ ತಿಳಿಯಬೇಡಿ. ಇ ವಿಟಮಿನ್, ಡಿ ವಿಟಮಿನ್, ಸತು, ಮ್ಯಾಂಗನೀಸ್, ಅಯೋಡಿನ್ ಸುಲಭವಾಗಿ ಕಮ್ಮಿ ಬೀಳುತ್ತವೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಮನೆಯಲ್ಲಿ ಮಾಡುವ ನಾಯಿ ಊಟದ 200 ಪಾಕವಿಧಾನ ಪರೀಕ್ಷಿಸಿದಾಗ, ನೂರಕ್ಕೆ 95ರಲ್ಲಿ ಒಂದಾದರೂ ಪೋಷಕಾಂಶ ಕೊರತೆಯಿತ್ತು. ಹಲವು ಪಶುವೈದ್ಯರೇ ಬರೆದವು! ಅದನ್ನು ಓದಿದ ಮೇಲೆ ನನ್ನ ಪಟ್ಟಿಯನ್ನು ಪ್ರಾಣಿ ಪೌಷ್ಟಿಕತೆಯ ತಜ್ಞರಿಗೆ ತೋರಿಸಿದೆ. ಅವರು ವಾರಕ್ಕೆ ಎರಡು ಸಲ ಬೇಯಿಸಿದ ಸಣ್ಣ ಮೀನು, ಒಂದೆರಡು ಬೇಯಿಸಿದ ಮೊಟ್ಟೆ, ಇ ವಿಟಮಿನ್, ಅಳತೆ ಹೇಳಿದ ಖನಿಜದ ಪುಡಿ ಸೇರಿಸಿದರು. ಮೀನು ಹಸಿಯಾಗಿ ಬೇಡ ಅಂದರು. ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಹಾಳುಮಾಡುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ.

ಫಲ ಏನು ಅಂದರೆ, ಮಲ ಸರಿಹೋಯಿತು, ಊಟಕ್ಕೆ ಓಡಿ ಬರುತ್ತಾನೆ. ನೀರು ಕುಡಿಯುವುದು ಕಮ್ಮಿಯಾಯಿತು. ಅದು ಸಹಜ, ಡ್ರೈ ಫುಡ್‌ನಲ್ಲಿ ನೀರು ನೂರಕ್ಕೆ ಹತ್ತರಷ್ಟು, ಮಾಂಸದಲ್ಲಿ ಎಪ್ಪತ್ತರಷ್ಟು. ಕೂದಲು ಹೊಳೆಯುತ್ತದೆ, ಆದರೆ ಮೀನೆಣ್ಣೆ ಹಾಕಿದ್ದರೂ ಹೊಳೆಯುತ್ತಿತ್ತೇನೋ. ಕಿವಿ ತುರಿಕೆ ಮೊದಲು ಹೇಗಿತ್ತೋ ಹಾಗೇ ಇದೆ. ಅಲರ್ಜಿ ಮಾಯವಾಗುತ್ತದೆ, ಆಯಸ್ಸು ಹೆಚ್ಚುತ್ತದೆ ಅನ್ನುವವರ ಮಾತಿಗೆ ನನ್ನ ಮನೆಯಲ್ಲಿ ಸಾಕ್ಷಿ ಇಲ್ಲ.

ಊರಿಗೆ ಹೊರಟಾಗ ಮಾಂಸದ ಡಬ್ಬಿ ಹೊತ್ತು ತಿರುಗುವುದಿಲ್ಲ. ನಾಯಿ ನೋಡಿಕೊಳ್ಳುವವರ ಮೇಲೂ ಈ ತಾಪತ್ರಯ ಹೇರುವುದು ಸರಿಯಲ್ಲ. ಹೊರಡುವ ಕೆಲವು ದಿನ ಮುಂಚೆಯೇ ತಟ್ಟೆಗೆ ಸ್ವಲ್ಪ ಸ್ವಲ್ಪ ಡ್ರೈ ಫುಡ್ ಬೆರೆಸುತ್ತಾ ಬರುತ್ತೇನೆ. ಮೂಸಿ ನೋಡುವ ಹಳೇ ಚಾಳಿ ಒಂದು ಹೊತ್ತು ತೋರಿಸುತ್ತಾನೆ, ಆಮೇಲೆ ತಿನ್ನುತ್ತಾನೆ. ವಾಪಸ್ ಬಂದ ಮೇಲೆ ಅದೇ ರೀತಿ ಬೆರೆಸುತ್ತಾ ಮಾಂಸಕ್ಕೆ ತರುತ್ತೇನೆ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆಯುತ್ತಲೇ ಇದೆ. ಹಸಿ ಊಟ ಹಾಕುತ್ತೇನೆ ಅಂತ ಡಾಕ್ಟರಿಗೆ ಪ್ರತಿ ಸಲ ನೆನಪಿಸುತ್ತೇನೆ, ಯಾಕೆಂದರೆ ಮಾಂಸ ಜಾಸ್ತಿ ತಿನ್ನುವ ನಾಯಿಯ ರಕ್ತದಲ್ಲಿ ಯೂರಿಯಾ ಸ್ವಲ್ಪ ಏರಿರಬಹುದು, ಊಟ ಏನು ಅಂತ ಗೊತ್ತಿಲ್ಲದೆ ರಿಪೋರ್ಟ್ ಓದಿದರೆ ಕಿಡ್ನಿಯ ಮೇಲೆ ಅನುಮಾನ ಬರುತ್ತದೆ.